ಸೌ. ದೇವಿರಮ್ಮ

ದೇವಿರಮ್ಮನವರಿಗೆ ಆದ ಮೋಸದಲ್ಲಿ ನನ್ನ ಉಳಿಯ ಪಾಲೂ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಅಷ್ಟು ಹೊತ್ತೂ ನೀವು ನನ್ನನ್ನು ಒಳ್ಳೆಯವನೆಂದು ನಂಬಿಕೊಂಡು ಓದುತ್ತೀರಿ. ಒಬ್ಬರನ್ನು ನಂಬಿಸಿ ಕೈಕೊಟ್ಟದ್ದೇ ಈ ಜನ್ಮಕ್ಕೆ ಸಾಕಾಗಿದೆ.

ನನ್ನ ಹೆಸರು ಚಾಮಯ್ಯ. ಅಚ್ಚಿನ ಬ್ಲಾಕು ಕೆತ್ತುವುದು ನನ್ನ ಕಸುಬು. ಹುಡುಗನಾಗಿದ್ದಾಗ ಬೀಟೆ ಮರದ ಕೆತ್ತನೆ ಕಲಿತೆ, ಆಮೇಲೆ ಊದುಬತ್ತಿ ಪೊಟ್ಟಣದ ಲೇಬಲ್ಲುಗಳಿಗೆ ಆನೆ, ನವಿಲು, ಲಕ್ಷ್ಮಿ ಕೆತ್ತಿದೆ, ಆಮೇಲೆ ಅಗ್ರಹಾರದ ಹಿಂದಿನ ಬೀದಿಯಲ್ಲಿದ್ದ ಗುರುಮಲ್ಲಪ್ಪನವರ ಪ್ರೆಸ್ಸಿಗೆ ಸೇರಿಕೊಂಡೆ. ಅಲ್ಲಿ ಕಿಟಕಿಯ ಪಕ್ಕ ನನ್ನದೊಂದು ಬೆಂಚು, ಬೆಂಚಿನ ಮೇಲೆ ಹಾಲೆ ಮರದ ಹಲಗೆಗಳು. ಬ್ಲಾಕಿನಲ್ಲಿ ಎಲ್ಲವನ್ನೂ ತಿರುಗಿಸಿ ಕೆತ್ತಬೇಕು. ಹಾಗೆ ಕೆತ್ತಿದರೇ ಕಾಗದದ ಮೇಲೆ ನೆಟ್ಟಗೆ ಬೀಳುವುದು. ಬರೆದ ಅಕ್ಷರಕ್ಕಿಂತ ತಿರುಗಿಸಿದ ಅಕ್ಷರವನ್ನೇ ನಾನು ಬೇಗ ಓದುತ್ತೇನೆ ಎಂದು ನನ್ನ ಹೆಂಡತಿ ಹಾಸ್ಯ ಮಾಡುತ್ತಾಳೆ.

ದೇವಿರಮ್ಮನವರು ಇಲವಾಲದ ಕಡೆಯ ಒಕ್ಕಲು ಮನೆತನದವರು. ಸ್ವಾತಂತ್ರ್ಯ ಬಂದ ವರ್ಷ ಮದುವೆಯಾಗಿ ವಿದ್ಯಾರಣ್ಯಪುರಂಗೆ ಬಂದರು. ಗಂಡ ಕೆಂಪಯ್ಯನವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಕ್ಕಳಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಮುಂದೆ ಬಾಗಿಲಗಲದ ಅಂಗಳ. ಆ ಅಂಗಳದಲ್ಲಿ ಈಕೆ ಬೆಳಗ್ಗೆ ಬೆಳಗ್ಗೆ ಹಾಕುತ್ತಿದ್ದ ರಂಗೋಲಿ ನೋಡುವುದಕ್ಕೆಂದೇ ಮೂರು ಬೀದಿಯ ಹೆಂಗಸರು ನೀರಿನ ಕೊಡ ಹಿಡಿದುಕೊಂಡು ಸುತ್ತುಬಳಸಿ ಬರುತ್ತಿದ್ದರಂತೆ. ಒಮ್ಮೆ ಹಾಕಿದ್ದನ್ನು ಇನ್ನೊಮ್ಮೆ ಹಾಕುತ್ತಿರಲಿಲ್ಲ. ಹಾಕಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಕೆಂಪಯ್ಯ ವರ್ಕ್‌ಶಾಪಿನ ರದ್ದಿ ಹಾಳೆ ತಂದು, ತಾವೇ ದಬ್ಬಳದಲ್ಲಿ ಹೊಲಿದು ಕೊಟ್ಟ ನೋಟ್‌ಬುಕ್ಕು ಅದು.

ಆ ನೋಟ್‌ಬುಕ್ಕನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಗಂಡ ಹೆಂಡತಿ ಐವತ್ತೆರಡನೇ ಇಸವಿಯಲ್ಲಿ ಪ್ರೆಸ್ಸಿಗೆ ಬಂದರು. ಗುರುಮಲ್ಲಪ್ಪನವರು ಹಾಳೆ ಮಗುಚಿ ನೋಡಿದರು. ಮನುಷ್ಯ ಮಾತಿನಲ್ಲಿ ಬೆಣ್ಣೆ. ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದವರಿಗೂ ಕಾಫಿ ತರಿಸುವ ಪೈಕಿ.

“ಚೆನ್ನಾಗಿದೆ ಕಣಮ್ಮ. ಪಬ್ಲಿಷರ್ ಯಾರು?” ಎಂದು ಕೇಳಿದರು.

“ಅಂಗಂದ್ರೆ?”

“ದುಡ್ಡು ಹಾಕೋರು, ಮಾರೋರು. ಪುಸ್ತಕ ಯಾರದ್ದು ಆಗ್ತದೆ ಅಂತ.”

“ನಂದೇ. ದುಡ್ಡೂ ನಂದೇ, ಚೀಟಿ ಎತ್ತಿದೀನಿ. ಮಾರೋದೂ ನಾನೇ. ಮ್ಯಾಲೆ ನನ್ನ ಎಸರು ಇದ್ರೆ ಸಾಕು.”

ಗುರುಮಲ್ಲಪ್ಪ ನಕ್ಕರು. “ಎಸರು ಒಲೆ ಮೇಲೆ ಇಡ್ತಾರಮ್ಮ, ಮುದ್ದೆಗೆ. ಪುಸ್ತಕದ ಮೇಲೆ ಹಾಕೋದು ಹೆಸರು.”

ನಾವೆಲ್ಲ ನಕ್ಕೆವು. ಕೆಂಪಯ್ಯನವರೂ ಮೀಸೆಯೊಳಗೆ ನಕ್ಕರು. ದೇವಿರಮ್ಮನವರು ಮಾತ್ರ ಬೇಜಾರು ಮಾಡಿಕೊಳ್ಳದೆ ನನ್ನ ಬೆಂಚಿನ ಹತ್ತಿರ ಬಂದು ಹಲಗೆಯನ್ನು ಮುಟ್ಟಿ ನೋಡಿದರು. “ರಂಗೋಲಿಗೆ ಯಾರ ಎಸರೂ ಇರಕ್ಕಿಲ್ಲ ಚಾಮಯ್ಯ,” ಅಂದರು. “ಬೆಳಿಗ್ಗೆ ಆಕಿದ್ದು ಮಧ್ಯಾಹ್ನಕ್ಕೆ ದಾರೀಲಿ ಓಗೋರ ಕಾಲಿಗೆ ಅತ್ಕೊಂಡು ಓಯ್ತದೆ. ನಮ್ಮವ್ವ ಆಕಿದ್ದು ಯಾರಿಗೆ ಗೊತ್ತು, ಅವಳವ್ವ ಆಕಿದ್ದು ಯಾರಿಗೆ ಗೊತ್ತು. ಇದೊಂದರ ಮ್ಯಾಲಾದ್ರೂ ಇರ್ಲಿ ಅಂತ ಆಸೆ.”

ಪುಸ್ತಕಕ್ಕೆ ‘ಮನೆ ಮುಂದಿನ ರಂಗವಲ್ಲಿ’ ಎಂದು ಹೆಸರಿಟ್ಟರು. ನಲವತ್ತೆಂಟು ರಂಗೋಲಿ, ನಲವತ್ತೆಂಟು ಬ್ಲಾಕು, ಮೇಲಿನ ಹಾಳೆಗೆ ಒಂದು ದೊಡ್ಡ ಬ್ಲಾಕು. ನಾಲ್ಕು ತಿಂಗಳು ನಾನು ಅದನ್ನೇ ಕೆತ್ತಿದೆ. ಆಕೆ ವಾರಕ್ಕೊಮ್ಮೆ ಬಂದು ತಪ್ಪು ಹುಡುಕುತ್ತಿದ್ದರು. ಚುಕ್ಕಿ ಎಣಿಸುತ್ತಿರಲಿಲ್ಲ, ಎಳೆಯ ಮೇಲೆ ಬೆರಳಾಡಿಸುತ್ತಿದ್ದರು. ಬೆರಳು ನಿಂತ ಕಡೆ ನಾನು ತಪ್ಪಿರುತ್ತಿದ್ದೆ. ಒಮ್ಮೆ ಹದಿನೈದರಿಂದ ಎಂಟಕ್ಕೆ ಇಳಿಯುವ ಚುಕ್ಕಿಯ ದೊಡ್ಡ ತಾವರೆಯಲ್ಲಿ ಒಂದು ಸುತ್ತು ಕೂಡಿಸದೆ ಬಿಟ್ಟಿದ್ದೆ. ಹೊಸ ಹಲಗೆ ತೆಗೆಸಿ ಮೊದಲಿನಿಂದ ಕೆತ್ತಿಸಿದರು. ಹಲಗೆಯ ದುಡ್ಡು ತಮ್ಮದೇ ಎಂದರು, ಬೈಯಲಿಲ್ಲ.

ಮೇಲಿನ ಹಾಳೆಯ ಕಡೆಯ ಸಾಲಿನಲ್ಲಿ ‘ದೇವಿರಮ್ಮ, ವಿದ್ಯಾರಣ್ಯಪುರಂ, ಮೈಸೂರು’ ಎಂದಿತ್ತು. ಕೆತ್ತುವ ಮುಂಚೆ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡಾಗ ಹೆಸರಿನ ಮುಂದೆ ಒಂದಕ್ಷರದಷ್ಟು ಜಾಗ ಬೋಳಾಗಿ ಕಂಡಿತು. ಕಸುಬಿನವನ ಕಣ್ಣಿಗೆ ಅಂಥದ್ದು ಮುಳ್ಳು. ಅಲ್ಲಿ ‘ಸೌ.’ ಹಾಕೋಣ, ಸೌಭಾಗ್ಯವತಿ ಅಂತ, ಹಬ್ಬದ ಪುಸ್ತಕಕ್ಕೆ ಲಕ್ಷಣವಾಗಿರುತ್ತದೆ ಅಂದೆ. ಅವರು, “ಬರೀ ದೇವಿರಮ್ಮ ಸಾಕಲ್ಲ,” ಅಂದರು. ಕೆಂಪಯ್ಯನವರು, “ಆಕ್ಲಿ ಬುಡು, ನಾನು ಬದುಕಿರೋದಕ್ಕೆ ಒಂದು ಸಾಕ್ಷಿ ಆಯ್ತದೆ,” ಎಂದು ತಮಾಷೆ ಮಾಡಿದರು. ಹಾಕಿದೆ. ಹೆಂಗಸೊಬ್ಬಳ ಹೆಸರಿನ ಮುಂದೆ ಗಂಡನ ಆಯುಸ್ಸನ್ನು ಮರದಲ್ಲಿ ಕೆತ್ತಿಡುತ್ತಿದ್ದೇನೆ ಎಂಬ ಯೋಚನೆ ನಮ್ಮ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ. ಯಾರಿಗೆ ಬರುತ್ತದೆ, ಎಲ್ಲರೂ ಹಾಕುವವರೇ. ಹಿಂದಿನ ಹಾಳೆಯಲ್ಲಿ ‘ಎಲ್ಲ ಹಕ್ಕುಗಳೂ ಸೌ. ದೇವಿರಮ್ಮ ಅವರವು’ ಎಂದು ಗುರುಮಲ್ಲಪ್ಪನವರೇ ಅಚ್ಚಿನ ಮೊಳೆ ಜೋಡಿಸಿ ಹಾಕಿದರು.

ಪುಸ್ತಕ ಬರೆಯುವವರು ಬೇಕಾದಷ್ಟು ಜನ. ಮಾರುವುದಕ್ಕೆ ಹೊರಟಾಗ ಗೊತ್ತಾಗುತ್ತದೆ ಯಾರ ಹೊಟ್ಟೆಯಲ್ಲಿ ಎಷ್ಟು ಕಿಚ್ಚಿದೆ ಎಂದು. ನಮ್ಮ ಪ್ರೆಸ್ಸಿನಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಮೇಷ್ಟರುಗಳು, ಕವಿಗಳು ಎಷ್ಟೋ ಮಂದಿ ಬಂಡಲುಗಳನ್ನು ಮಂಚದ ಕೆಳಗೆ ಇಟ್ಟುಕೊಂಡು ಇಲಿಗೆ ಓದಿಸಿದ್ದನ್ನು ನಾನು ಕಂಡಿದ್ದೇನೆ. ಈಯಮ್ಮ ಹಾಗಲ್ಲ. ಬೆಳಗಾಗುವ ಮುಂಚೆ ಕೆಂಪಯ್ಯನವರ ಸೈಕಲ್ಲಿನ ಹಿಂದೆ ಕೂತು ಶಿವರಾಂಪೇಟೆಗೆ ಬರುವರು. ಅಲ್ಲಿ ಮರಿಯಯ್ಯ ಎಂಬವರ ಸ್ಲೇಟು, ಪುಸ್ತಕದ ಅಂಗಡಿ. ಅದರ ಮುಂದೆ ನೀರು ಚಿಮುಕಿಸಿ, ತಮ್ಮ ಪುಸ್ತಕದ ಒಂದು ರಂಗೋಲಿ ಹಾಕಿ, ಪಕ್ಕದಲ್ಲಿ ರಂಗೋಲಿ ಪುಡಿಯಲ್ಲೇ ‘ಪುಟ ೧೭’ ಎಂದು ಬರೆದು ಹೋಗುವರು. ಅಷ್ಟೇ. ಹೂವಿಗೆ, ತರಕಾರಿಗೆ ಬಂದ ಹೆಂಗಸರು ಹದಿನೇಳು ಎಂದರೇನು ಎಂದು ಕೇಳುವರು, ಮರಿಯಯ್ಯ ಪುಸ್ತಕ ತೆಗೆದು ತೋರಿಸುವರು. ಒಂದು ದಿನ ಶಿವರಾಂಪೇಟೆ, ಮಾರನೇ ದಿನ ಚಿಕ್ಕ ಗಡಿಯಾರದ ಹತ್ತಿರದ ಇನ್ನೊಂದು ಅಂಗಡಿ, ಅದರ ಮಾರನೇ ದಿನ ಮತ್ತೊಂದು.

ಅಂಗಡಿಯವರಿಗೆ ನೂರಕ್ಕೆ ಮೂವತ್ತಮೂರು ಕಮಿಷನ್ ಎಂದು ಕೇಳಿ ಮೊದಲು ಬೆಚ್ಚಿಬಿದ್ದರು. ಆಮೇಲೆ ಅವರೊಂದಿಗೆ ಚೌಕಾಸಿ ಮಾಡುವುದನ್ನೂ ಕಲಿತರು. ಎಷ್ಟು ಹೋಯಿತು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಮೇಲಿನ ಪ್ರತಿಯ ಮೇಲೆ ಬೆರಳೆಳೆದು ಧೂಳು ನೋಡುವರು. ಧೂಳಿದ್ದರೆ ಆ ಅಂಗಡಿಯ ಮುಂದೆ ಮಾರನೇ ದಿನ ಇನ್ನೂ ದೊಡ್ಡ ರಂಗೋಲಿ. ದಸರಾ ವಸ್ತುಪ್ರದರ್ಶನದ ಹೊರಗೆ ಚಾಪೆ ಹಾಕಿ ಕೂರುವರು. ಹಾಸನ, ಮಂಡ್ಯ, ಚಾಮರಾಜನಗರದಿಂದ ಪುಸ್ತಕ ಕೈಗೆ ಬಂದಾಗ ಅಂಚೆಯವನಿಗೆ ದುಡ್ಡು ಕೊಡುವ ವಿ.ಪಿ.ಪಿ. ಕೇಳಿ ಕಾರ್ಡುಗಳು ಬಂದವು. ‘ಸೌ. ದೇವಿರಮ್ಮನವರಿಗೆ’ ಎಂದು ಶುರುವಾಗುವ ಆ ಕಾರ್ಡುಗಳನ್ನು ಆಕೆ ದೇವರ ಗೂಡಿನ ಪಕ್ಕದ ಮೊಳೆಗೆ ಚುಚ್ಚಿಡುತ್ತಿದ್ದರು ಎಂದು ಕೆಂಪಯ್ಯನವರೇ ನನಗೆ ಹೇಳಿದರು. ಐವತ್ತಾರರ ಹೊತ್ತಿಗೆ ಮೂರನೇ ಮುದ್ರಣವೂ ಮುಗಿಯಿತು.

ಬ್ಲಾಕುಗಳು ಪ್ರೆಸ್ಸಿನಲ್ಲೇ ಉಳಿದವು. ಅವುಗಳಿಗೆ ಹಣ ಕೊಟ್ಟವರು ದೇವಿರಮ್ಮನವರು, ಆದ್ದರಿಂದ ಅವರವೇ. “ನಿಮ್ಮನೇಲಿಟ್ರೆ ಗೆದ್ದಲು ಹಿಡೀತದೆ ಕಣಮ್ಮ, ಇಲ್ಲಿ ಎಣ್ಣೆ ಹಚ್ಚಿ ನೋಡ್ಕೋತೀವಿ,” ಅಂದರು ಗುರುಮಲ್ಲಪ್ಪ. ಅದೂ ನಿಜವೇ, ಎಣ್ಣೆ ಹಚ್ಚುತ್ತಿದ್ದವನು ನಾನೇ. ಚೀಟಿ, ರಸೀದಿ ಎಂಬ ಮಾತು ಬರಲಿಲ್ಲ. ಅಣ್ಣನ ಹತ್ತಿರ ರಸೀದಿ ಕೇಳುವುದುಂಟೆ? ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು.

ಇನ್ನು ಗುರುಮಲ್ಲಪ್ಪನವರ ಹೆಂಡತಿ ಪ್ರೇಮಲೀಲಾ. ಇಂಟರ್‌ಮೀಡಿಯಟ್ ಓದಿದವರು, ಯಾವುದೋ ಮಹಿಳಾ ಸಂಘಕ್ಕೆ ಕಾರ್ಯದರ್ಶಿ. ಪುಸ್ತಕ ಕೊಂಡವರಲ್ಲಿ ಮೊದಲಿಗರು. ಅದನ್ನು ನೋಡಿ ಹಾಕಲು ಬಾರದೆ ದೇವಿರಮ್ಮನವರ ಅಂಗಳಕ್ಕೇ ಕಲಿಯಲು ಹೋಗುತ್ತಿದ್ದರು. ಎರಡು ವರ್ಷ ಹೋದರು. ಎಳೆ ಒಂದು ಕಡೆ ಹೊರಟರೆ ಇನ್ನೊಂದು ಕಡೆ ಬಂದು ಕೂಡುತ್ತಿರಲಿಲ್ಲ. ದೇವಿರಮ್ಮನವರು ಬೇಸರಿಸದೆ ಅವರ ಕೈ ಹಿಡಿದು ತಿದ್ದುವರು, ಅವರೆಕಾಯಿ ಕಾಲದಲ್ಲಿ ಇಲವಾಲದಿಂದ ಬಂದ ಕಾಯಿಯನ್ನು ಬಿಡಿಸಿ ಹಿತುಕಿ ಡಬ್ಬಿಯಲ್ಲಿ ಕಳಿಸುವರು. “ನಮ್ಮ ಪ್ರೇಮಕ್ಕ ಓದಿದೋರು, ಆದ್ರೂ ನೆಲದ ಮ್ಯಾಲೆ ಕೂರ್ತಾರೆ ಕಣ್ರೀ,” ಎಂದು ನನ್ನ ಹತ್ತಿರ ಹೆಮ್ಮೆಪಟ್ಟುಕೊಳ್ಳುತ್ತಿದ್ದರು.

ಐವತ್ತೆಂಟರ ಬೇಸಿಗೆಯಲ್ಲಿ ಕೆಂಪಯ್ಯನವರು ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮನೆಗೆ ತಂದದ್ದು ದೇಹವನ್ನು. ಮೂವತ್ತು ದಾಟಿದ್ದ ದೇವಿರಮ್ಮನವರ ಹಣೆ ಬರಿದಾಯಿತು, ಅಂಗಳವೂ ಬರಿದಾಯಿತು. ಹಳ್ಳಿಯಲ್ಲಿ ಇಷ್ಟು ಬಿಗಿ ನಾನು ಕಂಡಿರಲಿಲ್ಲ. ಅಲ್ಲಿ ಗಂಡ ಸತ್ತವಳೂ ಗದ್ದೆಗೆ ಹೋಗಬೇಕು, ಹಟ್ಟಿ ಸಾರಿಸಬೇಕು, ಯಾರಿಗೆ ಪುರುಸೊತ್ತು. ಪೇಟೆಗೆ ಬಂದು ನಾಲ್ಕಕ್ಷರ ಕಲಿತು ಬಾಡಿಗೆ ಮನೆ ಹಿಡಿದ ನಮ್ಮ ಜನ, ಮೇಲಿನವರು ಮಾಡುತ್ತಾರೆಂದು ಇಂಥದ್ದನ್ನೆಲ್ಲ ಹುಡುಕಿ ಹುಡುಕಿ ಕಲಿತರು. ಪಕ್ಕದ ಮನೆಯವರು ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಈಕೆ ಎದುರಿಗಿದ್ದಾರೆಯೇ ಎಂದು ಸಂದಿಯಲ್ಲಿ ನೋಡುತ್ತಿದ್ದರಂತೆ. ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ತವರಿನ ಕಡೆಯ ಭಾವ ಬಂದು ಇಲವಾಲಕ್ಕೆ ಕರೆದರು. ಇವರು ಹೋಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಪ್ರೆಸ್ಸಿಗೆ ಬಂದರು. ಕೆಂಪಯ್ಯನವರ ಪ್ರಾವಿಡೆಂಟ್ ಫಂಡಿನ ದುಡ್ಡು ಕೈಗೆ ಬಂದಿತ್ತು. ಧನುರ್ಮಾಸಕ್ಕೆ ನಾಲ್ಕನೇ ಮುದ್ರಣ ಆಗಬೇಕು, ಕಾಗದಕ್ಕೆ ಇದೋ ಎಂದು ಗುರುಮಲ್ಲಪ್ಪನವರ ಮೇಜಿನ ಮೇಲೆ ಇಟ್ಟರು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, “ಎಲ್ಲಾ ನಾನು ನೋಡ್ಕೋತೀನಿ ತಾಯಿ, ನೀವು ಮನೇಲಿರಿ,” ಅಂದರು. ಅಲ್ಲಿಂದ ಆಕೆ ನನ್ನ ಬೆಂಚಿಗೆ ಬಂದರು.

“ಚಾಮಯ್ಯ, ಆ ಸೌ ಒಂದು ಕಿತ್ತಾಕ್ಬುಡಿ. ಸುಳ್ಳು ಬ್ಯಾಡ. ಮುಂದಿನ ಎಸರು ಅಂಗೇ ಇರ್ಲಿ.”

“ಆಗಲಿ ತಾಯಿ.”

“ಜಾಗ ಬೋಳಾಗಿ ಕಾಣ್ತದೆ ಅಂತೀರೇನೋ.”

“ಕಾಣಲಿ ಬಿಡಿ. ಹೆಸರು ನಿಮ್ಮದು ನಿಮ್ಮದಾಗೇ ಇರ್ತದೆ,” ಅಂದೆ. ಹಾಗೆ ಮಾತು ಕೊಟ್ಟೆ.

ಮಾರನೆಯ ದಿನ ಮೇಲಿನ ಹಾಳೆಯ ಬ್ಲಾಕನ್ನು ಬೆಂಚಿನ ಮೇಲಿಟ್ಟುಕೊಂಡು ಚಿಕ್ಕ ಉಳಿಯನ್ನು ಸಾಣೆ ಹಿಡಿಯುತ್ತಿದ್ದೆ. ಗುರುಮಲ್ಲಪ್ಪನವರು ಬಂದು ನಿಂತರು. ಹಿಂದೆ ಪ್ರೇಮಲೀಲಾ ಅವರೂ ಇದ್ದರು.

“ಸೌ. ಇರಲಿ ಚಾಮಯ್ಯ. ಹೆಸರು ತೆಗಿ,” ಅಂದರು.

ನಾನು ಅರ್ಥವಾಗದವನ ಹಾಗೆ ನೋಡಿದೆ. ಅರ್ಥವಾಗಿತ್ತು.

“ಅಂಗಡಿಯೋರು ಯಾರೂ ಮುಟ್ಟಲ್ಲ ಕಣಯ್ಯ. ಮೂರು ಸಲ ಸೌ. ಅಂತ ಬಂದದ್ದು ನಾಲ್ಕನೇ ಸಲ ಇಲ್ಲ ಅಂದ್ರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಹಬ್ಬದ ದಿನ ಹೊಸಿಲ ಮುಂದೆ ಹಾಕೋ ರಂಗೋಲಿ ಇದು. ನಮ್ಮೋರ ಹೆಸರು ಹಾಕು.”

“ಆಯಮ್ಮನಿಗೆ ಹೇಳಿದ್ದೀರಾ ಬುದ್ಧಿ?”

ಪ್ರೇಮಲೀಲಾ ಉತ್ತರ ಕೊಟ್ಟರು. “ನೊಂದಿದ್ದಾರೆ. ಈಗ ಯಾಕೆ ಹೇಳಿ ಇನ್ನೂ ನೋಯಿಸೋದು. ಪುಸ್ತಕ ಉಳಿದರೆ ಸಾಕಲ್ಲ ಅವರಿಗೆ.”

ಪುಸ್ತಕವೊಂದೇ ಸಾಲದು, ಹೆಸರು ಬೇಕು ಎಂದು ಆ ತಾಯಿ ನನ್ನ ಇದೇ ಬೆಂಚಿನ ಹತ್ತಿರ ನಿಂತು ಹೇಳಿದ್ದರು. ನಾನು ಅದನ್ನು ಹೇಳಲಿಲ್ಲ. ಆ ವರ್ಷ ಊರಿನಲ್ಲಿ ಸತುವಿನ ಬ್ಲಾಕು ಮಾಡುವ ಯಂತ್ರ ಬಂದಿತ್ತು, ಮರ ಕೆತ್ತುವವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದರು. ಹೆದರಿದೆ. ಇದು ಸಮಜಾಯಿಷಿ ಅಲ್ಲ, ನಡೆದದ್ದು.

ಮರದ ಬ್ಲಾಕಿನಲ್ಲಿ ಅಕ್ಷರ ಬದಲಿಸುವುದಕ್ಕೆ ನಮ್ಮಲ್ಲಿ ಕಿಟಕಿ ಕೊರೆಯುವುದು ಎನ್ನುತ್ತಾರೆ. ಬೇಡವಾದ ಮಾತಿನ ಅಳತೆಗೆ ಸರಿಯಾಗಿ ಮರವನ್ನು ಆಚೆಗೂ ಈಚೆಗೂ ತೂತಾಗುವಂತೆ ಕೊರೆದು ತೆಗೆದು, ಆ ಕಿಟಕಿಯಲ್ಲಿ ಸೀಸದ ಮೊಳೆಯ ಅಕ್ಷರಗಳನ್ನು ಕೂರಿಸುವುದು. ‘ದೇವಿರಮ್ಮ’ನನ್ನು ಕೊರೆಯುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ವಿದ್ಯಾರಣ್ಯಪುರಂ ಹೋಗಿ ಅಗ್ರಹಾರ ಬಂತು. ಮುಂದಿನ ‘ಸೌ.’ ಹಾಗೇ ಉಳಿಯಿತು. ಅವರು ಏನು ತೆಗೆಯಿರಿ ಅಂದಿದ್ದರೋ ಅದನ್ನು ಬಿಟ್ಟೆ, ಏನು ಬಿಡಿ ಅಂದಿದ್ದರೋ ಅದನ್ನು ತೆಗೆದೆ. ಅವರ ಗಂಡನ ದುಡ್ಡಿನ ಕಾಗದದ ಮೇಲೆ ‘ಸೌ. ಪ್ರೇಮಲೀಲಾ’ ಎಂದು ಒಂದೂವರೆ ಸಾವಿರ ಪ್ರತಿ ಅಚ್ಚಾಯಿತು. ನೀಟಾಗಿ ಬಂದಿದೆ ಎಂದು ಗುರುಮಲ್ಲಪ್ಪ ನನ್ನ ಬೆನ್ನು ತಟ್ಟಿದರು.

ಹೋಗಿ ಒಂದು ಮಾತು ಹೇಳಿ ಬರಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಅಗ್ರಹಾರದಿಂದ ವಿದ್ಯಾರಣ್ಯಪುರಂ ನಡೆದುಕೊಂಡು ಹೋಗುವಷ್ಟೇ ದೂರ. ಹೋಗಲಿಲ್ಲ.

ಧನುರ್ಮಾಸದ ಮೊದಲ ವಾರ ಪುಸ್ತಕ ಹೇಗೆ ಹೋಗುತ್ತಿದೆ ನೋಡೋಣವೆಂದು ದೇವಿರಮ್ಮನವರು ತಾವಾಗಿಯೇ ಶಿವರಾಂಪೇಟೆಗೆ ಹೋಗಿದ್ದಾರೆ. ಮರಿಯಯ್ಯನ ಅಂಗಡಿಯ ಮುಂದೆ ರಂಗೋಲಿ. ಪಕ್ಕದಲ್ಲಿ ಪುಡಿಯಲ್ಲಿ ಬರೆದ ‘ಪುಟ ೧೭’. ಯಾರೋ ಕೂಲಿಯವಳು ಹಾಕಿದ್ದು, ಎರಡು ಸುತ್ತು ತಪ್ಪಿತ್ತು. ತಾವು ಬಾರದಿದ್ದರೂ ತಮ್ಮ ಪದ್ಧತಿಯನ್ನು ಅಣ್ಣ ನಡೆಸಿಕೊಂಡು ಬಂದಿದ್ದಾರೆ ಎಂದು ಮೊದಲು ಸಂತೋಷಪಟ್ಟರಂತೆ. ಇದನ್ನು ಆಮೇಲೆ ಮರಿಯಯ್ಯ ನನಗೆ ಹೇಳಿದಾಗ ನನಗೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ಆಮೇಲೆ ಆಕೆ ಮೇಲಿನ ಪ್ರತಿಯನ್ನು ಕೈಗೆ ತೆಗೆದುಕೊಂಡು, ಕಡೆಯ ಸಾಲನ್ನು ಕೂಡಿಸಿ ಕೂಡಿಸಿ ಓದಿ, ಇನ್ನೊಂದು ಪ್ರತಿ ತೆಗೆದು ಅದನ್ನೂ ಓದಿ, ಮೂರನೆಯದನ್ನೂ ಓದಿದರಂತೆ.

ಅಲ್ಲಿಂದ ನೇರ ಪ್ರೆಸ್ಸಿಗೆ ಬಂದರು. ಅಳಲಿಲ್ಲ, ಕೂಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, “ಅಣ್ಣ, ಇದೇನಿದು?” ಅಂದರು.

ಗುರುಮಲ್ಲಪ್ಪ ಕುರ್ಚಿ ಎಳೆದು ಕೂರಿಸಿದರು, ನೀರು ಕೊಟ್ಟರು. ಎಲ್ಲವೂ ಅವರ ಒಳ್ಳೆಯದಕ್ಕೇ ಎಂದು ವಿವರಿಸಿದರು. ಕಾಗದದ ದುಡ್ಡು ಪೂರ್ತಿ ವಾಪಸು, ಪ್ರತಿ ವರ್ಷ ಹಬ್ಬಕ್ಕೆ ಒಂದು ಸೀರೆ ಎಂದೂ ಹೇಳಿದರು.

“ಸೀರೆ ಬ್ಯಾಡ. ಅಕ್ಕು ನಂದು ಅಂತ ಇಂದುಗಡೆ ನೀವೇ ಬರ್ದಿದೀರಿ.”

ಗುರುಮಲ್ಲಪ್ಪನವರು ಹಳೆಯ ಮುದ್ರಣದ ಪ್ರತಿಯೊಂದನ್ನು ತೆಗೆದು ಹಿಂದಿನ ಹಾಳೆ ಬಿಡಿಸಿದರು. ದನಿ ಅಷ್ಟೇ ಮೃದುವಾಗಿತ್ತು. “ಬರೆದಿದೆ ತಾಯಿ. ಎಲ್ಲ ಹಕ್ಕುಗಳೂ ಸೌ. ದೇವಿರಮ್ಮ ಅವರವು. ಸೌ. ದೇವಿರಮ್ಮ ಅನ್ನೋರು ಈಗ ಯಾರಿದ್ದಾರೆ, ನೀವೇ ಹೇಳಿ.”

ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಆ ‘ಸೌ.’ ಮೇಲಿನ ಹಾಳೆಗೆ ಮೊದಲು ಹಾಕಿದವನು ನಾನು. ಜಾಗ ತುಂಬಲಿ ಎಂದು ಹಾಕಿದ್ದು. ಅದನ್ನು ಹೀಗೂ ಬಳಸಬಹುದು ಎಂಬುದು ನನ್ನಂಥವನಿಗೆ ಹೊಳೆಯುವುದಲ್ಲ, ಅದಕ್ಕೆ ಬೇರೆಯೇ ತಲೆ ಬೇಕು. ದೇವಿರಮ್ಮನವರು ಆ ಸಾಲಿನ ಮೇಲೆ ಬೆರಳಾಡಿಸಿದರು.

“ಅಂಗಾದ್ರೆ ನನ್ನ ಬ್ಲಾಕು ನಂಗೆ ಕೊಟ್ಬುಡಿ. ತಕೊಂಡು ಓಯ್ತೀನಿ.”

“ಬ್ಲಾಕಿಗೆ ರಸೀದಿ ಇದೆಯೇನಮ್ಮ?”

“ರಸೀದಿ ಎಲ್ಲೈತೆ. ಕೆತ್ತಿದೋರು ಇಲ್ಲೇ ಕೂತವ್ರಲ್ಲ.” ನನ್ನ ಕಡೆಗೆ ತಿರುಗಿದರು. “ಚಾಮಯ್ಯ, ನೀವು ಏಳಿ. ಯಾರ ದುಡ್ನಲ್ಲಿ ಕೆತ್ತಿದ್ದು? ಯಾರ ರಂಗೋಲಿ ಅದು? ಒಂದು ಮಾತು ಏಳಿ, ನಾನು ಇನ್ನೇನೂ ಕೇಳಕ್ಕಿಲ್ಲ.”

ಎಲ್ಲರೂ ನನ್ನನ್ನು ನೋಡಿದರು. ಗುರುಮಲ್ಲಪ್ಪ ನೋಡಲಿಲ್ಲ. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

“ನಂಗೆ ಕೂಲಿ ಕೊಟ್ಟೋರು ಪ್ರೆಸ್ಸಿನೋರು ತಾಯಿ,” ಅಂದೆ.

ಅದು ಸುಳ್ಳಲ್ಲ. ಆಕೆ ಕೊಟ್ಟ ದುಡ್ಡು ಗುರುಮಲ್ಲಪ್ಪನವರ ಕೈದಾಟಿಯೇ ನನಗೆ ಬರುತ್ತಿತ್ತು. ಸುಳ್ಳು ಹೇಳಿದ್ದರೆ ಒಂದು ದಿನ ಮನಸ್ಸು ಚುಚ್ಚಿ ಒಪ್ಪಿಕೊಳ್ಳುತ್ತಿದ್ದೆನೇನೋ. ನಿಜದ ಮಾತನ್ನೇ ಹೆಕ್ಕಿ ತೆಗೆದು ಆಕೆಯ ಮುಖಕ್ಕೆ ಹೊಡೆದೆ. ಆಕೆ ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಲೆಯಾಡಿಸಿದರು ಅಷ್ಟೇ, ಲೆಕ್ಕ ಸರಿಯಾಯಿತು ಅನ್ನುವವರ ಹಾಗೆ. ಗುರುಮಲ್ಲಪ್ಪ ಕಾಗದದ ದುಡ್ಡನ್ನು ಕವರಿನಲ್ಲಿ ಹಾಕಿ ಕೊಟ್ಟರು. ಅದನ್ನು ಬಿಸಾಡಿ ಹೋಗುತ್ತಾರೆಂದು ನಾನು ಎಣಿಸಿದ್ದೆ. ಬಿಸಾಡಲಿಲ್ಲ. ಅದು ಅವರ ಗಂಡನ ದುಡ್ಡು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ಆಮೇಲೆ ಐದು ವರ್ಷ. ‘ಮನೆ ಮುಂದಿನ ರಂಗವಲ್ಲಿ’ ಆರನೇ ಮುದ್ರಣ ಕಂಡಿತು. ಪ್ರೇಮಲೀಲಾ ಅವರಿಗೆ ಸಂಘದಲ್ಲಿ ಹಾರ ಹಾಕಿದರು, ರಂಗೋಲಿ ಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಕರೆದರು. ಎಳೆ ಕೂಡಿಸಲು ಬಾರದವರು ಎಳೆ ಕೂಡಿಸುವವರಿಗೆ ಅಂಕ ಕೊಟ್ಟರು. ಅರವತ್ತೊಂದರಲ್ಲಿ ಗುರುಮಲ್ಲಪ್ಪನವರು ಸತುವಿನ ಬ್ಲಾಕಿಗೆ ಬದಲಾಯಿಸಿದರು, ನನಗೆ ಕೈಮುಗಿದು ಮನೆಗೆ ಕಳಿಸಿದರು. ಇದನ್ನು ಹೇಳಿ ಯಾರ ಕನಿಕರವನ್ನೂ ಕೇಳುತ್ತಿಲ್ಲ. ಅಂಥವರ ಹತ್ತಿರ ನಿಷ್ಠೆ ತೋರಿಸಿದವನಿಗೆ ಸಿಗಬೇಕಾದದ್ದೇ ಸಿಕ್ಕಿತು. ನಾನು ಮತ್ತೆ ಊದುಬತ್ತಿ ಕಾರ್ಖಾನೆಯೊಂದಕ್ಕೆ ಪೆಟ್ಟಿಗೆ ಮಾಡಿಕೊಡುವ ಕೆಲಸ ಹಿಡಿದೆ.

ದೇವಿರಮ್ಮನವರೂ ಮನೆಯಲ್ಲಿ ಊದುಬತ್ತಿ ಹೊಸೆದು ಜೀವನ ಮಾಡುತ್ತಿದ್ದಾರೆಂದು ಅಲ್ಲೇ ಕೇಳಿದೆ. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಅದರಲ್ಲೇ ಉಳಿಸಿ, ಗಂಡನ ದುಡ್ಡಿಗೆ ಸೇರಿಸಿ, ಅರವತ್ಮೂರರಲ್ಲಿ ಇನ್ನೊಂದು ಪುಸ್ತಕ ಹಾಕಿಸಿದರು. ಬೇರೆ ಪ್ರೆಸ್ಸು, ಸತುವಿನ ಬ್ಲಾಕು, ಐವತ್ತು ಹೊಸ ರಂಗೋಲಿ. ಪ್ರತಿಯೊಂದಕ್ಕೂ ರಸೀದಿ ಬರೆಸಿಕೊಂಡು, ಬ್ಲಾಕುಗಳನ್ನು ಅಂದಂದೇ ಮನೆಗೆ ಹೊತ್ತುಕೊಂಡು ಹೋದರಂತೆ. ನನ್ನ ಹತ್ತಿರ ಬರಲಿಲ್ಲ. ಯಾಕೆ ಬರುತ್ತಾರೆ. ಮೇಲಿನ ಹಾಳೆಯ ಮೇಲೆ ‘ದೇವಿರಮ್ಮ’ ಎಂದಷ್ಟೇ ಇತ್ತು. ಹಿಂದೆ ಮುಂದೆ ಏನೂ ಇಲ್ಲ.

ಅಂಗಡಿಯ ಮುಂದೆ ಅವರು ರಂಗೋಲಿ ಹಾಕಲು ಯಾರೂ ಬಿಡುತ್ತಿರಲಿಲ್ಲ. ಮರಿಯಯ್ಯನೊಬ್ಬರು, ಹಳೆಯ ಪರಿಚಯಕ್ಕೆ, ಇಪ್ಪತ್ತು ಪ್ರತಿ ಇಟ್ಟುಕೊಂಡರು. ಪ್ರೇಮಲೀಲಾ ಅವರ ಪುಸ್ತಕದ ಪಕ್ಕದಲ್ಲೇ ಇಟ್ಟರು. ಆ ಮನುಷ್ಯನಿಗೆ ಯಾರನ್ನೂ ಎದುರು ಹಾಕಿಕೊಳ್ಳುವುದು ಬೇಕಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ನಾನು ಗೋಂದು ಕೊಳ್ಳಲು ಆ ಅಂಗಡಿಗೆ ಹೋದೆ. ದೇವಿರಮ್ಮನವರು ಮೆಟ್ಟಿಲ ಪಕ್ಕದಲ್ಲಿ, ಗಿರಾಕಿಗಳಿಗೆ ಕಾಣದ ಮೂಲೆಯಲ್ಲಿ ಕೂತು, ಹಾಸನಕ್ಕೆ ಕಳಿಸುವ ಒಂದು ಕಟ್ಟಿಗೆ ದಾರ ಸುತ್ತುತ್ತಿದ್ದರು. ನಲವತ್ತಾಗುವ ಮುಂಚೆಯೇ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು, “ಬಂದ್ರಾ,” ಅಂದರು, ನೆಂಟರ ಮನೆಯಲ್ಲಿ ಯಾರನ್ನೋ ಕಂಡ ಹಾಗೆ.

ಅಷ್ಟರಲ್ಲಿ ಒಬ್ಬ ಗರತಿ ಬಂದರು. ಮೊಳದುದ್ದ ಮಲ್ಲಿಗೆ, ಕೈತುಂಬ ಬಳೆ. ರಂಗೋಲಿ ಪುಸ್ತಕ ಕೇಳಿದರು. ಮರಿಯಯ್ಯ ಎರಡನ್ನೂ ಮುಂದಿಟ್ಟರು. ಆಕೆ ಒಂದು ಕೈಯಲ್ಲಿ ಒಂದು, ಇನ್ನೊಂದು ಕೈಯಲ್ಲಿ ಇನ್ನೊಂದು ಹಿಡಿದು ಹಾಳೆ ಹಾಳೆ ಹೋಲಿಸಿದರು.

“ಇದ್ಯಾರ್ರೀ ದೇವಿರಮ್ಮ? ಪೂರ್ತಿ ಪ್ರೇಮಲೀಲಾ ಅವರದ್ದನ್ನ ಕಾಪಿ ಹೊಡೆದಿದ್ದಾರೆ. ಅದೇ ತಿರುವು, ಅದೇ ಕೈ.”

ಮರಿಯಯ್ಯ ಪೆನ್ಸಿಲ್ ಡಬ್ಬಿ ಜೋಡಿಸತೊಡಗಿದರು. ದೇವಿರಮ್ಮನವರು ತಲೆ ಎತ್ತಲಿಲ್ಲ, ದಾರ ಸುತ್ತುತ್ತಲೇ ಇದ್ದರು. ಆಕೆ ಇನ್ನಷ್ಟು ಹಾಳೆ ಮಗುಚಿ, “ಕಾಪಿ ಆದ್ರೂ ಚೆನ್ನಾಗೇ ಇದೆ. ಆ ಪುಸ್ತಕ ನಮ್ಮತ್ತೆ ಹತ್ರ ಇದೆ. ಇದನ್ನೇ—” ಎಂದು ಸೊಂಟದ ಚೀಲಕ್ಕೆ ಕೈ ಹಾಕಿದರು.

ನನಗೆ ತಡೆಯಲಾಗಲಿಲ್ಲ. ಐದು ವರ್ಷ ಹೇಳದೆ ಇಟ್ಟುಕೊಂಡಿದ್ದು ಒಂದೇ ಉಸಿರಿಗೆ ಬಂತು.

“ಕಾಪಿ ಅಲ್ಲ ತಾಯಿ. ಎರಡೂ ಒಬ್ಬರದ್ದೇ, ಇಗೋ ಇಲ್ಲೇ ಕೂತಿದ್ದಾರಲ್ಲ, ಈಯಮ್ಮನದ್ದು. ಮೊದಲನೇ ಪುಸ್ತಕದ ಮರ ಕೆತ್ತಿದೋನು ನಾನು. ಇವರ ಯಜಮಾನರು ಹೋದ ಮೇಲೆ ಅದರ ಮೇಲಿಂದ ಇವರ ಹೆಸರು ತೆಗೆದೋನೂ ನಾನೇ.”

ಆಕೆ ನನ್ನನ್ನು ನೋಡಿದರು. ಆಮೇಲೆ ಮೆಟ್ಟಿಲ ಪಕ್ಕ ಬಗ್ಗಿ ದೇವಿರಮ್ಮನವರನ್ನು ನೋಡಿದರು. ಆ ಮುಖವನ್ನು, ಆ ಹಣೆಯನ್ನು. ಚೀಲದಿಂದ ಕೈ ಹೊರಗೆ ಬಂತು. ಹೊಸ ಪುಸ್ತಕವನ್ನು ಹಲಗೆಯ ಮೇಲೆ ಮೆಲ್ಲನೆ ಇಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡು, “ಹಬ್ಬ ಕಳೀಲಿ, ಆಮೇಲೆ ನೋಡೋಣ,” ಎಂದು ಇಳಿದು ಹೋದರು.

ನಾನು ದೇವಿರಮ್ಮನವರ ಕಡೆ ತಿರುಗಿದೆ. ಏನನ್ನು ಕೇಳಬೇಕೆಂದು ತಿರುಗಿದೆನೋ ನನಗೇ ಗೊತ್ತಿಲ್ಲ. ಬಹುಶಃ ಕ್ಷಮೆ. ಅವರು ಕಟ್ಟಿಗೆ ಗಂಟು ಬಿಗಿದು, ಹಲ್ಲಿನಲ್ಲಿ ದಾರ ಕಡಿದು, ಎದ್ದು ನಿಂತರು.

“ಅವತ್ತು ಕೇಳ್ದಾಗ ನನ್ನ ಎಸರು ಏಳ್ನಿಲ್ಲ,” ಅಂದರು. “ಇವತ್ತು ನಾನೇನೂ ಕೇಳ್ನಿಲ್ವಲ್ಲ ಚಾಮಯ್ಯ. ಆಯಮ್ಮ ತಕೊಳ್ಳೋಳಿದ್ಲು.”